ಕಿವಿ ಹತ್ತಿರ ಅಲ್ಲಾಡಿಸಿ ನೋಡಿದ ವರ್ಷ

ಕ್ಯಾಲೆಂಡರ್ ಮಾಡುವುದು ನನ್ನ ಕಸುಬು. ತಿಪಟೂರಿನಲ್ಲಿ ಒಂದು ಗೊಬ್ಬರದಂಗಡಿಯ ಮೇಲಿನ ರೂಮಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಕಾರ್ಡು, ತಿಥಿ ಕಾರ್ಡು, ಕರಪತ್ರ, ಬ್ಯಾನರು ಎಲ್ಲ ಮಾಡಿಕೊಡುತ್ತೇನೆ. ದೀಪಾವಳಿ ಮುಗಿಯುತ್ತಿದ್ದಂತೆ ಮಾತ್ರ ಬೇರೆಲ್ಲ ಬದಿಗೆ. ಕೊಬ್ಬರಿ ಮಂಡಿಯವರು, ಸಿಮೆಂಟ್ ಅಂಗಡಿಯವರು, ಮೆಡಿಕಲ್ ಸ್ಟೋರಿನವರು, ಎಲ್ಲರಿಗೂ ಹೊಸ ವರ್ಷದ ಕ್ಯಾಲೆಂಡರ್ ಬೇಕು, ಅದೂ ಪಕ್ಕದ ಅಂಗಡಿಯವನದಕ್ಕಿಂತ ದೊಡ್ಡದು ಬೇಕು. ಒಬ್ಬ ಗಿರಾಕಿ ತನ್ನ ಫೋಟೋವನ್ನು ಲಕ್ಷ್ಮಿಯ ಫೋಟೋಗಿಂತ ಒಂದು ಬೆರಳು ದೊಡ್ಡದಾಗಿ ಹಾಕಿಸಿಕೊಂಡು ಹೋದ. ಇನ್ನೊಬ್ಬರಿಗೆ ರಾಹುಕಾಲ ಕೆಂಪಿನಲ್ಲೇ ಇರಬೇಕು. ಒಂದು ಸಲ ಸಂಕಷ್ಟಿ ಒಂದು ಮನೆ ಆಚೆ ಬಿದ್ದು, ತಪ್ಪು ದಿನ ಉಪವಾಸ ಮಾಡಿದವರೆಲ್ಲ ಮೆಟ್ಟಿಲು ಹತ್ತಿ ಬಂದು ನನ್ನನ್ನು ಬೈದರು. ಹಸಿದವರ ಬೈಗುಳಕ್ಕೆ ಎದುರುತ್ತರ ಕೊಡೋಕಾಗುವುದಿಲ್ಲ, ನೀರು ಕೊಟ್ಟು ಕಳಿಸಿದೆ.

ಹೀಗೆ ವರ್ಷಗಟ್ಟಲೆ ಮಾಡಿ ಮಾಡಿ, ದಿನ ವಾರ ತಿಥಿಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ ಎಂಬ ಜಂಬ ಬೆಳೆದುಬಿಟ್ಟಿತ್ತು. ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಇವೆರಡೂ ಚೆನ್ನಾಗಿ ಗೊತ್ತಿರುವ ನನ್ನ ತಮ್ಮ ಒಂದು ಭಾನುವಾರ, ಬೇಕೆಂದೇ, "ಅಕ್ಕ, ನಮ್ಮ ಲೋಕಕ್ಕೊಂದು ಕ್ಯಾಲೆಂಡರ್ ಮಾಡೋಕೆ ನಿನ್ ಕೈಲಿ ಆಗುತ್ತಾ?" ಅಂದ. ಆಗುತ್ತಾ ಅಂತ ಕೇಳಿದರೆ ನಾನು ಬಿಡುವವಳಲ್ಲ.

ನಮ್ಮ ಲೋಕ ಅಂದರೆ ಏನು ಅಂತ ಮೊದಲು ಹೇಳಬೇಕು. ತಮ್ಮ ತುರುವೇಕೆರೆಯಲ್ಲಿ ಹೈಸ್ಕೂಲು ಮೇಷ್ಟ್ರು, ವಿಜ್ಞಾನ ಹೇಳಿಕೊಡುತ್ತಾನೆ. ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಒಂದು ಆಟ ಕಲಿತುಕೊಂಡು ಬಂದಿದ್ದ. ಅದರಲ್ಲಿ ಒಬ್ಬ ಕಥೆ ಹೇಳುತ್ತಾನೆ, ಮಿಕ್ಕವರು ಆ ಕಥೆಯೊಳಗಿನ ಒಬ್ಬೊಬ್ಬ ಮನುಷ್ಯರಾಗುತ್ತಾರೆ. ಎದುರಿಗೆ ಕೋಟೆ ಬಾಗಿಲು ಬಂತು, ಏನು ಮಾಡುತ್ತೀರಿ ಅಂತ ಅವನು ಕೇಳುತ್ತಾನೆ. ಹತ್ತುತ್ತೇವೆ ಅಂದರೆ ಇಪ್ಪತ್ತು ಮುಖದ ಒಂದು ದಾಳ ಉರುಳಿಸಬೇಕು, ದೊಡ್ಡದು ಬಿದ್ದರೆ ಹತ್ತಿದೆವು, ಚಿಕ್ಕದು ಬಿದ್ದರೆ ಕಾವಲುಗಾರನ ಮೇಲೆ ಬಿದ್ದೆವು. ಗೆಲ್ಲುವುದು ಸೋಲುವುದು ಇಲ್ಲ, ಕಥೆ ನಡೆಯುತ್ತಾ ಹೋಗುತ್ತದೆ. ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವನು ಬೈಕಿನಲ್ಲಿ ನೊಣವಿನಕೆರೆ ಕಡೆಯ ನಮ್ಮ ಮನೆಗೆ ಬರುತ್ತಾನೆ. ನಾನು, ನಮ್ಮೆಜಮಾನರು, ನಮ್ಮತ್ತೆ ಸುತ್ತ ಕೂತುಕೊಳ್ಳುತ್ತೇವೆ.

ಅತ್ತೆ ಮೊದಲ ದಿನ ಆಡುವುದಕ್ಕೆ ಕೂತವರಲ್ಲ. ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲಿದ್ದರು. ನಾನು ವೈದ್ಯೆ ಆದೆ. ತೋಟ ನೋಡಿಕೊಂಡು ಲಗೇಜ್ ಆಟೋ ಓಡಿಸುವ ಯಜಮಾನರು ಸೈನಿಕರಾದರು. ತಮ್ಮ ಸುಮ್ಮನೆ ಮರ್ಯಾದೆಗೆ, "ಅಮ್ಮ, ನೀವೂ ಏನಾದ್ರೂ ಆಗಿ. ರಾಣಿ ಆಗ್ತೀರಾ?" ಎಂದ.

ಅತ್ತೆ ಒಂದು ಕಾಯಿ ಸುಲಿದು ಮುಗಿಸುವಷ್ಟು ಹೊತ್ತು ಯೋಚಿಸಿದರು. "ನಾನು ಕಳ್ಳಿ ಆಯ್ತೀನಿ ಕಣಪ್ಪ," ಅಂದರು.

ನಾವು ಮೂವರೂ ನಕ್ಕಿದ್ದಕ್ಕೆ ಕಾರಣವಿದೆ. ಪಕ್ಕದ ಮನೆ ಕೋಳಿ ನಮ್ಮ ಹಿತ್ತಲಲ್ಲಿ ಮೊಟ್ಟೆ ಇಟ್ಟರೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ವಾಪಸು ಕೊಟ್ಟು ಬರುವ ಹೆಂಗಸು ನಮ್ಮತ್ತೆ. ಒಂದು ಲೋಟ ಸಕ್ಕರೆ ಸಾಲ ತಂದರೆ ಗೋಪುರವಾಗುವಷ್ಟು ತುಂಬಿ ಹಿಂದಿರುಗಿಸುತ್ತಾರೆ. ಅಂಥವರು ಆ ಮಧ್ಯಾಹ್ನ ಅರಮನೆಯ ಅಡುಗೆಮನೆಗೆ ಹಿಂಬಾಗಿಲಿಂದ ನುಗ್ಗಿ ಉಪ್ಪಿನ ಮರಿಗೆಯನ್ನೇ ಎತ್ತಿಕೊಂಡು ಬಂದರು. ದಾಳವನ್ನು ಎರಡೂ ಅಂಗೈಯಲ್ಲಿ ಮುಚ್ಚಿ, ಕಣ್ಣು ಮುಚ್ಚಿ, ಮನೆದೇವರ ಹೆಸರು ಹೇಳಿ ಉರುಳಿಸುತ್ತಿದ್ದರು. "ಕಳ್ಳತನಕ್ಕೂ ದೇವ್ರೇನವ್ವ?" ಅಂತ ಯಜಮಾನರು ರೇಗಿಸಿದರೆ, "ಸಿಕ್ಕಾಕ್ಕೊಂಡ್ರೆ ನೀನ್ ಬಿಡ್ಸಕ್ಕೆ ಬತ್ತೀಯಾ? ಅವ್ನೇ ತಾನೇ ಬರ್ಬೇಕು?" ಅನ್ನುತ್ತಿದ್ದರು. ದಾಳ ಇರುತ್ತಿದ್ದದ್ದು ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಪಕ್ಕ.

ಆಮೇಲಾಮೇಲೆ ವಾರವೆಲ್ಲ ಅವರ ಬಾಯಲ್ಲಿ ಕಳ್ಳಿಯ ಮಾತೇ. ಅವಳು ಎಂದೇ ಹೇಳುತ್ತಿದ್ದರು, ನಾನು ಎನ್ನುತ್ತಿರಲಿಲ್ಲ. ರಾಗಿ ಕೇರುವಾಗ ಇದ್ದಕ್ಕಿದ್ದಂತೆ, "ಅವ್ಳಿಗೊಂದ್ ಕಂಬ್ಳಿ ಬೇಕು ಕಣವ್ವ, ಆ ಬೆಟ್ದಲ್ಲಿ ಚಳಿ" ಅನ್ನುವರು. ಹಸುವಿಗೆ ಮೇವು ಹಾಕಿ ಬಂದು, "ಆ ಸೇನಾಪತಿ ಎಡಗಾಲಿನ್ ಬೂಟ್ ಮಾತ್ರ ಕದ್ರೆ ಎಂಗೆ? ಕುಂಟ್ಕೊಂಡ್ ಬರ್ಲಿ ಯುದ್ಧಕ್ಕೆ" ಅಂತ ಒಬ್ಬರೇ ನಗುವರು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವರು ನಕ್ಕದ್ದನ್ನು ನಾನು ನೋಡಿಲ್ಲ ಎಂದಲ್ಲ. ಆದರೆ ಹೀಗೆ ತಮ್ಮಷ್ಟಕ್ಕೆ ತಾವೇ, ತಮ್ಮದೇ ಒಂದು ವಿಷಯಕ್ಕೆ ನಗುವುದನ್ನು ನೋಡಿರಲಿಲ್ಲ. ನೋಡಿ ನನಗೆ ಖುಷಿಯಾಗುತ್ತಿತ್ತು.

ಕ್ಯಾಲೆಂಡರ್ ಕೇಳಿದ ಆ ಭಾನುವಾರ ತಮ್ಮ ಇನ್ನೊಂದು ಮಾತನ್ನೂ ಹೇಳಿದ. ಕಥೆ ಅಂದ ಮೇಲೆ ಒಂದು ಕೊನೆ ಇರಬೇಕು. ನಮ್ಮ ಲೋಕದಲ್ಲಿ ಒಂದು ವರ್ಷ ಯಾವತ್ತು ಮುಗಿಯುತ್ತದೋ ಅವತ್ತು ಕಥೆಯೂ ಮುಗಿಯುತ್ತದೆ. ಆಮೇಲೆ ಬೇರೆ ಲೋಕ, ಬೇರೆ ಪಾತ್ರಗಳು. ಅದಕ್ಕೇ ಕ್ಯಾಲೆಂಡರ್.

"ಅವ್ಳು ಏನಾಯ್ತಾಳೆ?" ಅತ್ತೆ ಕೇಳಿದರು.

"ಅವಳ ಕಥೆ ಮುಗೀತು ಅಂತ ಅಮ್ಮ. ನೀವು ಬೇರೆ ಯಾರಾದ್ರೂ ಆಗಬಹುದು. ಮಂತ್ರವಾದಿ ಆಗಿ, ಮಜವಾಗಿರುತ್ತೆ."

ಅತ್ತೆ ಒಲೆ ಮೇಲೆ ಹಾಲಿದೆ ಎಂದು ಎದ್ದು ಹೋದರು. ಹಾಲು ಕಾಯಿಸಿ ಇಳಿಸಿ ಬಹಳ ಹೊತ್ತಾಗಿತ್ತು.

ನನಗೆ ಅದನ್ನು ಗಮನಿಸುವಷ್ಟು ಪುರುಸೊತ್ತಿರಲಿಲ್ಲ, ತಲೆ ತುಂಬ ಕ್ಯಾಲೆಂಡರ್ ತುಂಬಿಕೊಂಡಿತ್ತು. ಜೀವನದಲ್ಲಿ ಮೊದಲ ಸಲ ರಾಹುಕಾಲ ಇಲ್ಲದ, ಗಿರಾಕಿಯ ಮುಖ ಇಲ್ಲದ, ಫೋನ್ ನಂಬರ್ ಇಲ್ಲದ ಕ್ಯಾಲೆಂಡರ್ ಮಾಡುವ ಅವಕಾಶ. ಎರಡು ಚಂದ್ರ ಇಟ್ಟೆ, ಒಂದು ಬಿಳಿ, ಇನ್ನೊಂದು ಕೆಂಪು. ಹದಿಮೂರು ತಿಂಗಳು, ವಾರಕ್ಕೆ ಒಂಬತ್ತು ದಿನ. ತಿಂಗಳಿಗೆಲ್ಲ ಹೆಸರಿಟ್ಟೆ: ಮಂಜಿನ ತಿಂಗಳು, ಜೇನಿನ ತಿಂಗಳು, ಬೂದಿಯ ತಿಂಗಳು. ಎರಡೂ ಚಂದ್ರರಿಗೆ ಬೇರೆ ಬೇರೆ ಹುಣ್ಣಿಮೆ, ಬೇರೆ ಬೇರೆ ಅಮಾವಾಸ್ಯೆ, ಗ್ರಹಣದ ಪಟ್ಟಿ. ಸಿಮೆಂಟ್ ಅಂಗಡಿಯವರ ಕೆಲಸ ತಡವಾದರೆ ಆಗಲಿ ಎಂದು ಪಕ್ಕಕ್ಕಿಟ್ಟು ಇದನ್ನೇ ಮಾಡಿದೆ. ಒಳ್ಳೆ ಆರ್ಟ್ ಪೇಪರಿನಲ್ಲಿ ಹೊಡೆಸಿ, ಮೇಲೆ ತಗಡಿನ ಪಟ್ಟಿ ಹಾಕಿಸಿ, ಭಾನುವಾರ ನಡುಮನೆಯ ಮೊಳೆಗೆ ತಗುಲಿಸಿ, ಸೀರೆ ಸೆರಗು ಸರಿಮಾಡಿಕೊಂಡು ನಿಂತೆ.

ಎಲ್ಲರೂ ನೋಡಿದರು. ಯಜಮಾನರು ಹತ್ತಿರ ಹೋಗಿ, ಒಂದೊಂದೇ ಹಾಳೆ ಎತ್ತಿ ನೋಡಿ, "ಇದ್ರಲ್ಲಿ ಸಂತೆ ಯಾವತ್ತೇ?" ಅಂದರು.

ಸಂತೆ ಇರಲಿಲ್ಲ. ಕೆಂಪು ಚಂದ್ರನ ಗ್ರಹಣ ಇತ್ತು, ಸಂತೆ ಮರೆತಿದ್ದೆ.

"ಸಂತೆ ಇಲ್ದಿದ್ರೆ ಕಳ್ಳಿ ಎಲ್ಲಿಗ್ ಹೋಗ್ಬೇಕವ್ವ? ಜನ ಸೇರ್ದೆ ಕದಿಯೋದೆಂಗೆ?" ಅತ್ತೆಯ ದನಿಯಲ್ಲಿ ನಿಜವಾದ ಕಳವಳ.

"ಹಾಲಿನ್ ಲೆಕ್ಕ ಬರೆಯಕ್ಕೂ ಜಾಗ ಬುಟ್ಟಿಲ್ಲ ಕಣವ್ವ ಇವ್ಳು," ಯಜಮಾನರು ಗಾಯಕ್ಕೆ ಉಪ್ಪು ಸುರಿದರು.

ತಮ್ಮ ಅಷ್ಟರಲ್ಲಿ ಕೊನೆಯ ಹಾಳೆಯನ್ನೂ ಮೊದಲ ಹಾಳೆಯನ್ನೂ ಜೋಡಿಸಿ ಹಿಡಿದುಕೊಂಡಿದ್ದ. "ಅಕ್ಕ, ನಿನ್ನ ಕೆಂಪು ಚಂದ್ರ ವರ್ಷದ ಕೊನೇ ದಿನ ಹುಣ್ಣಿಮೆಯಾಗಿ ಮಲಗಿ, ಮಾರನೇ ದಿನ ಅಮಾವಾಸ್ಯೆಯಾಗಿ ಎದ್ದಿದಾನೆ. ರಾತ್ರಿ ಏನಾಯ್ತು ಅವನಿಗೆ?"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕ್ಯಾಲೆಂಡರ್ ಕಿತ್ತು, ಸುರುಳಿ ಸುತ್ತಿ, ಬೀರುವಿನ ಮೇಲೆ ಎಸೆದೆ. ಆ ವಾರವೆಲ್ಲ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ತಮ್ಮ ಫೋನ್ ಮಾಡಿದರೆ ಕೆಲಸ ಇದೆ ಎಂದೆ. ಕೆಲಸವೂ ಇತ್ತು, ಸಿಮೆಂಟ್ ಅಂಗಡಿಯವರು ಬಾಗಿಲಲ್ಲೇ ನಿಂತಿದ್ದರು.

ಸಂಕ್ರಾಂತಿ ಕಳೆದ ಮೇಲೆ ನಮ್ಮನೆಯಲ್ಲಿ ಅಟ್ಟದಿಂದ ಕಾಯಿ ಇಳಿಸಿದರು. ನಮ್ಮ ಕಡೆ ಕೊಬ್ಬರಿ ಆಗುವುದು ಹೀಗೆ: ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳಬೇಕು. ಅದಕ್ಕೆ ಹೆಚ್ಚುಕಮ್ಮಿ ಒಂದು ವರ್ಷ ಬೇಕು. ಹೆಚ್ಚುಕಮ್ಮಿ ಅನ್ನುವುದೇ ಮುಖ್ಯ, ಯಾಕೆಂದರೆ ಅಕ್ಕಪಕ್ಕ ಮಲಗಿದ್ದ ಎರಡು ಕಾಯಿ ಒಂದೇ ದಿನ ಆಗುವುದಿಲ್ಲ. ಅದಕ್ಕೇ ಸುಲಿಯುವ ಮೊದಲು ಒಂದೊಂದನ್ನೂ ಕಿವಿ ಹತ್ತಿರ ಅಲ್ಲಾಡಿಸಿ ನೋಡಬೇಕು. ಹಾಲ್ಕುರಿಕೆ ಕಡೆಯ ನನ್ನ ತವರಲ್ಲಿ ಮಾತು ಬರುವ ಮುಂಚೆಯೇ ಮಕ್ಕಳಿಗೆ ಇದು ಬರುತ್ತದೆ.

ಆವತ್ತು ನಾನೂ ಅಂಗಳದಲ್ಲಿ ಕೂತು ಕಾಯಿ ವಿಂಗಡಿಸುತ್ತಿದ್ದೆ. ಒಂದು ಕಾಯಿ ಗುಳುಗುಳು ಎಂದಿತು, ಇನ್ನೂ ನೀರಿದೆ, ವಾಪಸು ಅಟ್ಟಕ್ಕೆ. ಒಂದು ಸದ್ದೇ ಮಾಡಲಿಲ್ಲ. ನೀರು ಇಂಗಿದೆ, ತಿರುಳು ಇನ್ನೂ ಚಿಪ್ಪನ್ನು ಬಿಟ್ಟಿಲ್ಲ, ಇದೂ ಅಟ್ಟಕ್ಕೆ. ಮತ್ತೊಂದು ಲಟಲಟ ಎಂದಿತು. ಇದು ಆಯಿತು. ಗುಳುಗುಳು, ಮೌನ, ಲಟಲಟ. ಕೈಯಲ್ಲಿದ್ದ ಕಾಯಿ ಬಿಟ್ಟು "ಸಿಕ್ತು!" ಅಂತ ಕಿರುಚಿದೆ. ಅಟ್ಟದ ಕಾಯಿಯಲ್ಲಿ ಚೇಳು ಇರುವುದುಂಟು. ಯಜಮಾನರು ಮಚ್ಚು ಬಿಸಾಕಿ ಓಡಿ ಬಂದು ನನ್ನ ಕೈ ತಿರುಗಿಸಿ ತಿರುಗಿಸಿ ನೋಡಿದರು. ಕ್ಯಾಲೆಂಡರ್ ಸಿಕ್ತು ಎಂದಾಗ ಅವರು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ.

ಎರಡನೆಯ ಕ್ಯಾಲೆಂಡರಿನಲ್ಲಿ ಅಂಕಿಯೇ ಇರಲಿಲ್ಲ. ನಮ್ಮ ಲೋಕದ ವರ್ಷಕ್ಕೆ ಮೂರು ಕಾಲ. ನೀರಿನ ಕಾಲದಲ್ಲಿ ನದಿ ತುಂಬಿರುತ್ತದೆ, ವ್ಯಾಪಾರಿಗಳು ಓಡಾಡುತ್ತಾರೆ, ಊರೂರಲ್ಲೂ ಸಂತೆ ನಡೆಯುತ್ತದೆ. ಮೌನದ ಕಾಲದಲ್ಲಿ ಯಾರೂ ಗಂಟೆ ಬಾರಿಸುವಂತಿಲ್ಲ, ಜೋರಾಗಿ ಜಗಳವಾಡುವಂತಿಲ್ಲ, ಜಗಳವೇನಿದ್ದರೂ ಪಿಸುಮಾತಿನಲ್ಲಿ. ಸದ್ದಿನ ಕಾಲ ಬಂದ ದಿನ ನಗಾರಿ ಹೊಡೆದು ಕೋಟೆ ಬಾಗಿಲೆಲ್ಲ ತೆಗೆಯುತ್ತಾರೆ, ಅಲ್ಲಿಗೆ ವರ್ಷ ಮುಗಿಯಿತು. ಕಾಲ ಯಾವಾಗ ಬದಲಾಗುತ್ತದೆ ಎಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಮನೆಯಲ್ಲಿ ಒಂದು ಕಾಯಿ ಇಡುತ್ತೇವೆ, ಪ್ರತಿ ಭಾನುವಾರ ಅಲ್ಲಾಡಿಸುತ್ತೇವೆ, ಅದು ಏನು ಹೇಳುತ್ತದೋ ಅದೇ ನಮ್ಮ ಲೋಕದ ಕಾಲ.

ತಮ್ಮ ಕೇಳಿ, "ಅಂದ್ರೆ ಕಥೆ ಯಾವತ್ತು ಮುಗಿಯುತ್ತೆ ಅಂತ ಹೇಳೋನಿಗೂ ಗೊತ್ತಿರಲ್ಲ," ಅಂದ. ಆಮೇಲೆ ನನ್ನ ಕೈ ಕುಲುಕಿದ. ಒಡಹುಟ್ಟಿದ ತಮ್ಮ ಕೈ ಕುಲುಕಿದ್ದು ಅದೇ ಮೊದಲು. ಸಂತೋಷಕ್ಕೆ ನನಗೆ ಆ ದಿನ ಊಟವೇ ಸೇರಲಿಲ್ಲ.

ಕಾಯಿ ಆರಿಸುವ ಕೆಲಸ ಅತ್ತೆ ತಾವೇ ಕೇಳಿ ತೆಗೆದುಕೊಂಡರು. ಹೊಸದಾಗಿ ಕೆಡವಿದ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದನ್ನು ಎತ್ತುವುದು, ತೂಗುವುದು, ಅಲ್ಲಾಡಿಸುವುದು, ಬದಿಗಿಡುವುದು. ಕೊನೆಗೆ ಬಾವಿ ಹತ್ತಿರದ ಮರದ್ದೇ ಬೇಕೆಂದು ಹೇಳಿ, ಗುಂಡಗಿನ ಒಂದು ಕಾಯಿ ತಂದರು. ಸಸಿಗೆ ಕಾಯಿ ಆರಿಸುವವರು ಮಾಡುವುದು ಹೀಗೇ. ನಾನು ಕಣ್ಣಾರೆ ನೋಡಿದರೂ ನನಗೆ ಹೊಳೆಯಲಿಲ್ಲ. ಮುಂಬಾಗಿಲ ಪಕ್ಕದ ಗೋಡೆಗೂಡಿನಲ್ಲಿ, ಉರುಳದಿರಲಿ ಎಂದು ಗೋಣಿಚೀಲ ಮಡಿಸಿ ಹಾಸಿ, ನಾನೇ ಅದನ್ನು ಇಟ್ಟೆ. ಗೂಡಿನ ಮೇಲೆ ನನ್ನ ಹೊಸ ಕ್ಯಾಲೆಂಡರ್ ತಗುಲಿಸಿದೆ. ಅತ್ತೆ ಬೆಳಿಗ್ಗೆ ಎದ್ದು ಚೊಂಬಿನಲ್ಲಿ ನೀರು ಹಿಡಿದುಕೊಂಡು ಹೊಸಿಲಿಗೆ, ಅಂಗಳಕ್ಕೆ, ತುಳಸಿಗೆ ಚಿಮುಕಿಸುತ್ತಾ ಅದರ ಮುಂದೆಯೇ ಓಡಾಡುತ್ತಿದ್ದರು.

ಆ ಬೇಸಿಗೆಯಷ್ಟು ಚೆನ್ನಾಗಿ ನಾವು ಯಾವತ್ತೂ ಆಡಿರಲಿಲ್ಲ. ಕಥೆಯಲ್ಲಿ ಒಬ್ಬ ದುಷ್ಟ ಭಂಡಾರಿ ರಾಜ್ಯದ ಉಪ್ಪನ್ನೆಲ್ಲ ಬಚ್ಚಿಟ್ಟಿದ್ದ. ನಾವು ಮೂವರು ಅದನ್ನು ಹುಡುಕಿ ಜನಕ್ಕೆ ಹಂಚಬೇಕಿತ್ತು. ಯಜಮಾನರ ಸೈನಿಕ ಶತ್ರುಗಳ ಬೀಡಿಗೆ ಗೂಢಚಾರನಾಗಿ ಹೋದವನು, ಅಲ್ಲಿ ಮಾರುತ್ತಿದ್ದ ಹಗ್ಗದ ಬೆಲೆ ಜಾಸ್ತಿಯಾಯಿತೆಂದು ಚೌಕಾಸಿಗೆ ನಿಂತು ಸಿಕ್ಕಿಬಿದ್ದ. "ಹಗ್ಗ ನೋಡಿದ್ರೆ ಸುಮ್ಕಿರಕ್ಕಾಗಲ್ಲ ಇವ್ನ್ ಕೈಲಿ," ಅಂತ ಅತ್ತೆ ಮಗನನ್ನು ಬೈದು, ಕಳ್ಳಿಯನ್ನು ಸೆರೆಮನೆಗೆ ನುಗ್ಗಿಸಿ ಬಿಡಿಸಿಕೊಂಡು ಬಂದರು. ಸೆರೆಮನೆಯ ಬೀಗದ ಕೈ ಕದಿಯಲು ಬಿದ್ದ ದಾಳ ಇಪ್ಪತ್ತು. ಅತ್ತೆ ಎದ್ದು ನಿಂತು ಚಪ್ಪಾಳೆ ತಟ್ಟಿದ ಸದ್ದಿಗೆ ಕೊಟ್ಟಿಗೆಯಲ್ಲಿ ಕರು ಬೆದರಿತು. ಭಾನುವಾರ ಯಾರಾದರೂ ನೆಂಟರು ಬಂದರೆ ಅತ್ತೆಯೇ ಬೇಗ ಬೇಗ ಕಾಫಿ ಕೊಟ್ಟು, ಬಸ್ ಹೊರಡುವ ಹೊತ್ತು ನೆನಪಿಸುತ್ತಿದ್ದರು.

ಪ್ರತಿ ಆಟದ ಮೊದಲು ಕಾಯಿ ಕೈಯಿಂದ ಕೈಗೆ ಹೋಗುತ್ತಿತ್ತು. ಗುಳುಗುಳು. ವಾರದಿಂದ ವಾರಕ್ಕೆ ಆ ಸದ್ದು ಸಣ್ಣದಾಗುತ್ತಾ ಬಂತು. ಮೊದಲ ಮಳೆ ಬಿದ್ದ ಮೇಲೆ ಒಂದು ಭಾನುವಾರ ತಮ್ಮ ಅಲ್ಲಾಡಿಸಿದ, ಸದ್ದಿಲ್ಲ. ನಾನು ಕಸಿದುಕೊಂಡು ಅಲ್ಲಾಡಿಸಿದೆ, ಸದ್ದಿಲ್ಲ. ನನ್ನ ಕ್ಯಾಲೆಂಡರ್ ಕೆಲಸ ಮಾಡುತ್ತಿತ್ತು! ನಮ್ಮ ಲೋಕಕ್ಕೆ ಮೌನದ ಕಾಲ ಬಂದಿತ್ತು.

"ಇಷ್ಟ್ ಬೇಗಾನಾ?" ಯಜಮಾನರು ಕಾಯಿಯನ್ನು ಅಂಗೈಯಲ್ಲಿ ತೂಗಿದರು. "ಒಣಗಿದ್ ಕಾಯಿ ಹಗುರಾಗ್ಬೇಕು ಕಣೇ. ಇದು ಭಾರ ಐತಲ್ಲ."

"ಮೌನದ ಕಾಲದಲ್ಲಿ ಜಗಳ ಆಡಬಾರದು ರೀ," ಅಂದೆ ಪಿಸುದನಿಯಲ್ಲಿ. ಎಲ್ಲರೂ ನಕ್ಕರು, ಮಾತು ಅಲ್ಲಿಗೆ ತೇಲಿಹೋಯಿತು. ಕೊನೆಗೆ ಅತ್ತೆ ಇಸಕೊಂಡು ಕಿವಿಗೆ ಹಿಡಿದರು. ಬಹಳ ಹೊತ್ತು ಹಿಡಿದಿದ್ದರು. "ಹೂಂ, ಸದ್ದಿಲ್ಲ" ಎಂದು, ಎರಡೂ ಕೈಯಲ್ಲಿ ಗೂಡಿಗೆ ಇಟ್ಟರು.

ತಮ್ಮ, ಕೊನೆಯ ಕಥೆಗೆ ತಯಾರಿ ಶುರುಮಾಡಿದ. ನಾನು ವರ್ಷ ಮುಗಿದ ದಿನ ತಗುಲಿಸಲು ಒಂದು ಹಾಳೆ ಮಾಡಿ, ಚಿನ್ನದ ಬಣ್ಣದ ಅಂಚು ಹಾಕಿ, ಬೀರುವಿನಲ್ಲಿ ಇಟ್ಟೆ. ಲಟಲಟ ಅಂದ ದಿನ ಒಬ್ಬಟ್ಟು ಮಾಡುವುದು ಎಂದೂ ಗೊತ್ತುಮಾಡಿದೆವು. ಆ ವಾರಗಳಲ್ಲಿ ಅತ್ತೆ ಮಾತು ಕಡಿಮೆ ಮಾಡಿದ್ದರು. ಆಟದಲ್ಲಿ ಮಾತ್ರ ಕಳ್ಳಿ ಹಿಂದೆಂದೂ ಇಲ್ಲದಷ್ಟು ಕದಿಯುತ್ತಿದ್ದಳು, ನಾಳೆ ಅಂಗಡಿ ಮುಚ್ಚುತ್ತದೆ ಎನ್ನುವ ಹಾಗೆ.

ಆಮೇಲೆ ತಮ್ಮನಿಗೆ ಸ್ಕೂಲಿನ ಕೆಲಸ ಬಿದ್ದು ಮೂರು ವಾರ ಆಟ ತಪ್ಪಿತು, ಕಾಯಿಯನ್ನು ಯಾರೂ ಕೆಳಗಿಳಿಸಿರಲಿಲ್ಲ. ಮುಂದಿನ ಭಾನುವಾರ ಅವನು ಬರುವ ಮುಂಚೆ ಗೂಡು ಗುಡಿಸೋಣವೆಂದು ಕಾಯಿ ಎತ್ತಲು ಹೋದೆ. ಎದ್ದು ಬರಲಿಲ್ಲ. ಎಳೆದೆ. ಗೋಣಿಚೀಲವೂ ಜೊತೆಗೇ ಬಂತು. ಚೀಲ ಒದ್ದೆಯಾಗಿತ್ತು, ಕಾಯಿಯ ಸಿಪ್ಪೆಯಿಂದ ಹೊರಟ ಬೆಳ್ಳಗಿನ ಬೇರು ಅದರೊಳಗೆ ಹೊಲಿದುಕೊಂಡಿತ್ತು. ತಿರುಗಿಸಿದರೆ ಗೋಡೆ ಕಡೆಗಿದ್ದ ಮಗ್ಗುಲಲ್ಲಿ ಗಿಣಿಯ ಕೊಕ್ಕಿನಷ್ಟು ಹಸಿರು ಮೊಳಕೆ.

ಅಲ್ಲೇ ಕೂತೆ. ಆ ಕಾಯಿ ಒಣಗಿ ಸುಮ್ಮನಾಗಿರಲಿಲ್ಲ. ಒಳಗಿನ ನೀರನ್ನು ಕುಡಿದುಕೊಂಡು ಮೊಳಕೆಯ ಗಡ್ಡೆ ಬೆಳೆದು, ಟೊಳ್ಳೆಲ್ಲ ತುಂಬಿಕೊಂಡು, ಅಲ್ಲಾಡಲು ಜಾಗವೇ ಇಲ್ಲದೆ ಸುಮ್ಮನಾಗಿತ್ತು. ತೆಂಗಿನ ತೋಟದಲ್ಲೇ ಹುಟ್ಟಿ ಬೆಳೆದ ನಾವು ಮೂರು ಜನ, ಅದನ್ನು ವಾರ ವಾರ ಕಿವಿಗೆ ಹಿಡಿದು ತಲೆ ಆಡಿಸಿದ್ದೆವು.

"ಯಾರು ಇದಕ್ಕೆ ನೀರು ಹಾಕಿದ್ದು?" ನನ್ನ ಕೂಗು ಬೀದಿಗೆ ಕೇಳಿಸಿರಬೇಕು. ಯಜಮಾನರು ಹಿತ್ತಲಿನಿಂದ ಬಂದರು. ಹೆಲ್ಮೆಟ್ ಕೈಯಲ್ಲಿ ಹಿಡಿದು ತಮ್ಮ ಬಾಗಿಲಲ್ಲಿ ನಿಂತ. ಅತ್ತೆ ಅಡುಗೆಮನೆಯಿಂದ ಬಂದು, ನನ್ನ ಮಡಿಲಲ್ಲಿದ್ದ ಕಾಯಿಯನ್ನು ನೋಡಿ, ಅದರ ಮೊಳಕೆ ಮುರಿದಿಲ್ಲ ತಾನೇ ಅಂತ ಮೊದಲು ಬಗ್ಗಿ ಪರೀಕ್ಷಿಸಿದರು.

"ನಾನೇ ಕಣವ್ವ," ಅಂದರು.

"ಯಾಕತ್ತೆ? ಇಷ್ಟು ದಿನ ನಾನು..."

"ವರ್ಷ ಮುಗ್ದ್ರೆ ಅವ್ಳು ಹೊಂಟೋಯ್ತಾಳಲ್ಲ." ಅತ್ತೆ ಸೆರಗಿನ ತುದಿ ಹಿಂಡುತ್ತಿದ್ದರು. "ಬ್ಯಾರೆ ಯಾರಾದ್ರೂ ಆಗು ಅಂತಾನೆ ಇವ್ನು. ನಂಗೆ ಬ್ಯಾರೆಯೋಳ್ ಆಗಕ್ಕೆ ಆಗಕಿಲ್ಲ ಕಣವ್ವ. ಇವ್ಳಾಗಕ್ಕೇ ಇಷ್ಟ್ ವಯಸ್ಸ್ ಹಿಡೀತು."

ಬಾಯಿಗೆ ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಬೀರುವಿನಲ್ಲಿದ್ದ ಚಿನ್ನದ ಅಂಚಿನ ಹಾಳೆ ಒಂದು ಕ್ಷಣ ನೆನಪಾಯಿತು, ಅದೂ ಹೋಯಿತು. ಅವತ್ತು ಅವರು ಒಲೆ ಮೇಲೆ ಇಲ್ಲದ ಹಾಲನ್ನು ನೋಡಲು ಎದ್ದು ಹೋಗಿದ್ದು ಈಗ ಅರ್ಥವಾಯಿತು. ನನಗೆ ಅಳು ಬಂತು, ಅದರ ಜೊತೆಗೇ ನಗುವೂ ಬಂತು. ಯಜಮಾನರು ಗೋಡೆಗೆ ಒರಗಿಕೊಂಡು ನಗುತ್ತಿದ್ದರು. "ಭಾರ ಐತೆ ಅಂದ್ನಲ್ಲ, ಭಾರ ಐತೆ ಅಂದ್ನಲ್ಲ" ಅನ್ನುವುದೊಂದೇ ಮಾತು.

ತಮ್ಮ ಮಾತ್ರ ಗಂಭೀರವಾಗಿ ಹೆಲ್ಮೆಟ್ ಕೆಳಗಿಟ್ಟು ಅತ್ತೆಯ ಮುಂದೆ ಬಂದು ಕೂತ. "ಅಮ್ಮ, ಉಪ್ಪು ಕದ್ರಿ, ಬೀಗದ ಕೈ ಕದ್ರಿ, ಈಗ ಇಡೀ ಲೋಕದ ವರ್ಷನೇ ಕದ್ದಿದೀರಿ. ದಾಳ ಹಾಕದೆ ಕದಿಯೋ ಹಾಗಿಲ್ಲ, ನಿಯಮ ಇದೆ. ಹಾಕಿ."

ಯಜಮಾನರು ದೇವರ ಗೂಡಿನಿಂದ ದಾಳ ತಂದುಕೊಟ್ಟರು. ಅತ್ತೆ ಕಣ್ಣು ಮುಚ್ಚಿ ಮನೆದೇವರನ್ನು ನೆನೆದು ಉರುಳಿಸಿದರು. ದಾಳ ನೆಲದ ಮೇಲೆ ಪುಟಿದು, ಹೊರಳಿ ಹೊರಳಿ, ಬೀರುವಿನ ಅಡಿಗೆ ಹೋಯಿತು. ತಮ್ಮ ಬಗ್ಗಲಿಲ್ಲ, ಇಣುಕಲಿಲ್ಲ. "ಇಪ್ಪತ್ತು ಬಿದ್ದಿದೆ," ಅಂದ.

ಅವತ್ತು ಒಬ್ಬಟ್ಟು ಆಯಿತು. ವರ್ಷ ಮುಗಿಯದೇ ಇದ್ದದ್ದಕ್ಕೆ ಒಬ್ಬಟ್ಟು ತಿಂದವರು ನಾವೇ ಇರಬೇಕು.

ಮುಂಗಾರು ಹಿಡಿದಾಗ ಹಿತ್ತಲ ಬಚ್ಚಲು ನೀರು ಹೋಗುವ ಕಡೆ ಯಜಮಾನರು ಗುಂಡಿ ತೋಡಿದರು. ಗೋಣಿಚೀಲದ ಸಮೇತ ಕಾಯಿಯನ್ನು ಅತ್ತೆಯೇ ಇಳಿಸಿ ಮಣ್ಣು ಎಳೆದರು. ನಾನು ಮೂರನೆಯ ಕ್ಯಾಲೆಂಡರ್ ಮಾಡಿದೆ. ಇದರಲ್ಲಿ ಈ ಸಸಿಗೆ ಒಂದು ಹೊಸ ಗರಿ ಬಿಚ್ಚಿದರೆ ನಮ್ಮ ಲೋಕದಲ್ಲಿ ಒಂದು ತಿಂಗಳು. ಸಸಿ ಮರವಾಗಿ, ಹೊಂಬಾಳೆ ಒಡೆದು, ಕಾಯಿ ಬಲಿತು, ಅದರ ಮೊದಲ ಕಾಯಿ ಅಟ್ಟಕ್ಕೆ ಹೋಗಿ, ಲಟಲಟ ಎಂದ ದಿನ ವರ್ಷ ಮುಗಿಯುತ್ತದೆ. ಸಂತೆ ಯಾವತ್ತು ಎಂಬುದನ್ನು ಈ ಸಲ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದೇನೆ. ಹಾಲಿನ ಲೆಕ್ಕಕ್ಕೂ ಜಾಗ ಬಿಟ್ಟಿದ್ದೇನೆ.

"ನಾಟಿ ಮರ ಕಣವ್ವ ಇದು. ಫಲಕ್ಕೆ ಬರಕ್ಕೆ ಎಷ್ಟ್ ವರ್ಷ ಬೇಕು ಗೊತ್ತಾ?" ಯಜಮಾನರು ತಾಯಿಯನ್ನು ಕೆಣಕಿದರು.

"ಗೊತ್ತು," ಅಂದರು ಅತ್ತೆ, ಗುಂಡಿಯ ಸುತ್ತ ಪಾತಿ ಕಟ್ಟುತ್ತಾ. "ನಂಗೆ ಅವಸ್ರ ಇಲ್ಲ."

ಮೊನ್ನೆ ಭಾನುವಾರ ತಮ್ಮ ಬಂದು ಕೂತು, ದಾಳ ತೆಗೆದು ಮುಂದಿಟ್ಟು, ಎಂದಿನಂತೆ ನಮ್ಮ ಲೋಕದ ತಾರೀಖು ಕೇಳಿದ. ಅತ್ತೆ ಚೊಂಬು ಹಿಡಿದು ಹಿತ್ತಲಿಗೆ ಹೋದರು. ಸಸಿಗೆ ನೀರು ಹಾಕಿದ ಸದ್ದು ಕೇಳಿಸಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಮಾಮೂಲಿ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

"ಹೊಸ ಗರಿ ಇನ್ನೂ ಮಡಚ್ಕೊಂಡೈತೆ ಕಣಪ್ಪ. ತಿಂಗ್ಳು ಮುಗ್ದಿಲ್ಲ," ಅಂದರು, ಅಂಗೈ ಚಾಚಿ. "ಕೊಡಿಲ್ಲಿ ದಾಳ. ಅವ್ಳಿಗೆ ಬೇಜಾನ್ ಕೆಲ್ಸ ಐತೆ."